ಸೌದೆ ಸಾಹುಕಾರಿಕೆ

ವ್ಯಾಪಾರಗಳಲ್ಲೂ ಮೇಲು ಕೀಳು ಉಂಟು. ಚಿನ್ನ ಬೆಳ್ಳಿಯವರದು ಗಾದಿಯ ಮೇಲೆ ಕೂತು ಮಾಡುವ ವ್ಯಾಪಾರ. ಜವಳಿಯವರದು ಹಾಸಿ ತೋರಿಸುವ ವ್ಯಾಪಾರ. ದಿನಸಿ ಅಂಗಡಿಯವರಿಗೆ ಊರಿನ ಎಲ್ಲರ ಅಡುಗೆಮನೆ ಡಬ್ಬಿಗಳ ಗುಟ್ಟೂ ಗೊತ್ತು. ಈ ಸಾಲಿನ ಕಟ್ಟಕಡೆಗೆ, ಗುಜರಿಯವರ ಪಕ್ಕದಲ್ಲಿ, ಮೈಮೇಲಿನ ತೊಗಟೆ ಪುಡಿ ಕೊಡವಿಕೊಳ್ಳುತ್ತ ಸೌದೆಯವರು ನಿಂತಿರುತ್ತೇವೆ. ಸಂಬಂಧದ ಮಾತುಕತೆಗಳಲ್ಲಿ ಗಂಡಿನ ಕಡೆಯವರ ಕಸುಬು ಏನೆಂದು ಕೇಳಿದರೆ ನಮ್ಮ ಹಿರಿಯರು "ತೋಟ ಐತೆ, ಬೋರಲ್ಲಿ ನೀರೈತೆ" ಅನ್ನುತ್ತಾರೆಯೇ ಹೊರತು "ಸೌದೆ ಮಾರ್ತಾರೆ" ಅಂದದ್ದನ್ನು ನಾನು ಕೇಳಿಲ್ಲ. ಸೌದೆ ಅಂದೊಡನೆ ಕೇಳಿದವರ ಮನಸ್ಸು ಸ್ಮಶಾನದ ಕಡೆಗೆ ಹೊರಟುಬಿಡುತ್ತದೆ. ಅದೇ ಸೌದೆಯಲ್ಲಿ ಬೇಯುವ ಬೀಗರೂಟದ ಕಡೆಗೆ ಯಾಕೆ ಹೋಗುವುದಿಲ್ಲವೋ!

ಯಾರಾದರೂ ನಮ್ಮ ಕಸುಬನ್ನು ಹಗುರವಾಗಿ ಆಡಿದರೆ ಅಪ್ಪ ಮೋಳಿಗೆಯ ಮಾರಯ್ಯನನ್ನು ಎಳೆದು ತರುತ್ತಾರೆ. ಹನ್ನೆರಡನೆಯ ಶತಮಾನದ ಶರಣ. ಕಾಶ್ಮೀರದ ಅರಸನಾಗಿದ್ದವನು ರಾಜ್ಯ ಬಿಟ್ಟು, ಹೆಂಡತಿ ಮಹಾದೇವಿಯ ಜೊತೆ ಕಲ್ಯಾಣಕ್ಕೆ ಬಂದು, ಸೌದೆ ಹೊರೆ ಮಾರಿ ಜಂಗಮರಿಗೆ ಊಟಕ್ಕಿಕ್ಕುತ್ತಿದ್ದ ಎನ್ನುವುದು ಪರಂಪರೆಯ ಕಥೆ. ನಿಃಕಳಂಕ ಮಲ್ಲಿಕಾರ್ಜುನ ಎಂಬುದು ಅವನ ವಚನಗಳ ಅಂಕಿತ. ಅವನ ಬಡತನ ಕಂಡು ಮರುಗಿದ ಬಸವಣ್ಣನವರು ಮನೆಯಲ್ಲಿ ಗುಟ್ಟಾಗಿ ಹೊನ್ನು ಇಟ್ಟು ಬಂದರೆ ಮಾರಯ್ಯ ಅದನ್ನೂ ಜಂಗಮರಿಗೆ ಹಂಚಿಬಿಟ್ಟನಂತೆ. ಅಪ್ಪ ಕಥೆಯನ್ನು ಅಲ್ಲಿಗೆ ಮುಗಿಸಿ ತಮ್ಮದೊಂದು ಮಾತು ಸೇರಿಸುತ್ತಾರೆ: "ರಾಜ್ಯ ಬಿಟ್ಟು ಬಂದೋನು ಹಿಡಿದ ಕಸುಬು ಕಣಪ್ಪ. ಜವಳಿ ಅಂಗಡಿ ಇಕ್ಕಲಿಲ್ಲ ಅವನು." ಹೊನ್ನು ಹಂಚಿದ ಭಾಗವನ್ನು ಮಾತ್ರ ಅವರು ಒತ್ತಿ ಹೇಳುವುದಿಲ್ಲ.

ನಮ್ಮದು ಕುಣಿಗಲ್ ಸೀಮೆ. ತಗ್ಗಿನಲ್ಲಿ ತೆಂಗಿನ ತೋಟ, ಅದರ ಮೇಲೆ ರಾಗಿ ಹೊಲ, ಅದಕ್ಕೂ ಮೇಲೆ ಏನು ಹಾಕಿದರೂ ಮುನಿಸಿಕೊಳ್ಳುವ ಒಂದು ತುಂಡು ಗರಸು ನೆಲ. ಅಲ್ಲಿ ಹುರುಳಿ ಬಿತ್ತಿದರೆ ನವಿಲಿಗಾಗುತ್ತಿತ್ತು, ಅವರೆ ಹಾಕಿದರೆ ಯಾರಿಗೂ ಆಗುತ್ತಿರಲಿಲ್ಲ. ಸುತ್ತಲಿನವರೆಲ್ಲ ಇಂಥ ನೆಲಕ್ಕೆ ನೀಲಗಿರಿ ನೆಟ್ಟು, ಬಾಗಿಲು ಹಾಕಿಕೊಂಡು ಬೆಂಗಳೂರಿಗೆ ಹೋದ ಕಾಲದಲ್ಲಿ ಅಪ್ಪ ಸರ್ವೆ ನೆಟ್ಟರು. ನೀಲಗಿರಿಯಾದರೆ ಕಡಿದ ಬುಡದಿಂದ ಮತ್ತೆ ಚಿಗುರುತ್ತದೆ, ನೆಡುವ ಖರ್ಚಿಲ್ಲ. ಸರ್ವೆ ಹಾಗೆ ಚಿಗುರುವ ಪೈಕಿಯಲ್ಲ. ಕಡಿದಾಗಲೆಲ್ಲ ಹೊಸ ಸಸಿ ತರಬೇಕು. "ಸೋಮಾರಿಗೆ ನೀಲಗಿರಿ, ಹುಚ್ಚನಿಗೆ ಸರ್ವೆ" ಎಂದು ಪಕ್ಕದ ಹೊಲದವರು ಆಡಿಕೊಂಡದ್ದುಂಟು. ಅಂತರ್ಜಲದ ಗಲಾಟೆ ಜೋರಾಗಿ ಸರಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿದ ಮೇಲೆ ಆ ಮಾತು ನಿಂತಿತು.

ಸರ್ವೆಯ ಸಸಿಯನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳ ಗೊಂಚಲು ಕಾಣುತ್ತದೆ. ಫ್ರ್ಯಾಂಕಿಯಾ ಎಂಬ ಸೂಕ್ಷ್ಮಜೀವಿ ಅಲ್ಲಿ ಬಿಡಾರ ಹೂಡಿ ಗಾಳಿಯ ಸಾರಜನಕವನ್ನು ಮರಕ್ಕೆ ಉಣಿಸುತ್ತದೆ. ಅದಕ್ಕೇ ಸರ್ವೆ ಗರಸಿನಲ್ಲೂ ಬರುತ್ತದೆ, ಕಡಲ ದಂಡೆಯ ಬರೀ ಮರಳಿನಲ್ಲೂ ಬರುತ್ತದೆ. ಇದು ನಮ್ಮ ದೇಶಕ್ಕೆ ಕಾಲಿಟ್ಟದ್ದೇ ನಮ್ಮ ಕಾರವಾರದ ದಂಡೆಯಲ್ಲಿ, 1868ರಲ್ಲಿ. ಅಲ್ಲಿಯವರು ಗಾಳಿಮರ ಎನ್ನುತ್ತಾರೆ. ಕಲ್ಲಿದ್ದಲು ಎಲ್ಲ ಕಡೆಗೂ ತಲುಪುವ ಮುಂಚೆ ದಕ್ಷಿಣದ ರೈಲುಗಳು ಇಂಥ ತೋಪುಗಳ ಸೌದೆ ತಿಂದೇ ಓಡುತ್ತಿದ್ದವು. ಐದಾರು ವರ್ಷಕ್ಕೆ ಕಟಾವು. ನೆಟ್ಟಗಿರುವ ಗಳುಗಳು ಮನೆ ಕಟ್ಟುವವರ ಸಾರವೆಗೆ ಹೋಗುತ್ತವೆ. ಸೊಟ್ಟಗಿರುವುದು, ಗಂಟಿರುವುದು, ಬುಡದ ದಪ್ಪ ತುಂಡು, ಇವೆಲ್ಲ ಸೌದೆಗೆ. ಇನ್ನೊಂದು ಅನುಕೂಲವೆಂದರೆ ಕಾನೂನಿನದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ, ಹೀಗೆ ಕೆಲವಕ್ಕೆ ಮಾತ್ರ ವಿನಾಯಿತಿ. ಪಟ್ಟಿಯಲ್ಲಿಲ್ಲದ ಮರವೊಂದು ಗಾಳಿಗೆ ಬಿದ್ದರೆ ಅರ್ಜಿ ಬರೆದು ಓಡಾಡುವಷ್ಟರಲ್ಲಿ ಗೆದ್ದಲೇ ಅದರ ವಿಲೇವಾರಿ ಮುಗಿಸಿರುತ್ತದೆ.

ಕಟಾವು ಸಂಕ್ರಾಂತಿ ಕಳೆದ ಮೇಲೆ. ಉರುಳಿಸುವುದು, ತುಂಡು ಹಾಕುವುದು ಈಗ ಮಿಷನ್ ಗರಗಸದ ಕೆಲಸ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಸದ್ದು ಜೋರು, ಅಷ್ಟೇ. ನೋಡುವಂಥದ್ದು ಸೌದೆ ಸೀಳುವುದನ್ನು. ನಮ್ಮಲ್ಲಿ ಸೀಳುವ ಯಜಮಾನ ಬಂದವನೇ ಕೊಡಲಿ ಎತ್ತುವುದಿಲ್ಲ. ಬೀಡಿ ಹಚ್ಚಿಕೊಂಡು ತುಂಡುಗಳ ನಡುವೆ ಒಂದು ಸುತ್ತು ಹಾಕುತ್ತಾನೆ. ಕಡಿದು ಒಂದು ವಾರ ಬಿಸಿಲಿಗೆ ಬಿದ್ದ ತುಂಡಿನ ಮುಖದಲ್ಲಿ ನಡುವಿನಿಂದ ಅಂಚಿಗೆ ಸಣ್ಣ ಬಿರುಕುಗಳು ಓಡಿರುತ್ತವೆ. ಎಲ್ಲಿ ಹೊಡೆಯಬೇಕೆಂದು ಮರವೇ ಹಾಕಿಕೊಟ್ಟ ಗೆರೆ ಅದು. ಅವನು ತುಂಡನ್ನು ಕಾಲಿನಿಂದ ತಿರುಗಿಸಿ, ಬಿರುಕು ತನ್ನ ಮೂಗಿನ ನೇರಕ್ಕೆ ಬಂದ ಮೇಲೆ ಕೊಡಲಿ ಇಳಿಸುತ್ತಾನೆ. ಒಂದೇ ಏಟು. ಎರಡು ಹೋಳು ಅತ್ತ ಇತ್ತ ಬಿದ್ದು ಒಳಗಿನ ಕೆಂಪು ತಿರುಳು ಹೊರಗೆ ಬರುತ್ತದೆ, ಒಗರು ವಾಸನೆ ಮೂಗಿಗೆ ಹೊಡೆಯುತ್ತದೆ. ಗಂಟಿರುವ ತುಂಡಾದರೆ ಅದರ ತಂಟೆಗೆ ಹೋಗದೆ ಗಂಟಿನ ಪಕ್ಕಕ್ಕೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ನಾಲ್ಕು ಕೊಡುತ್ತಾನೆ. ಒಳಗೆಲ್ಲೋ ಚರಚರ ಎಂದು ನಾರು ಬಿಡುವ ಸದ್ದು ಕೇಳುತ್ತದೆ, ಅವನು ಕಾಯುತ್ತಾನೆ, ಇನ್ನೊಂದು ಕೊಡುತ್ತಾನೆ. ಊರಿನ ಹುಡುಗರು ಜಿಮ್ಮಿನಲ್ಲಿ ಬೆಳೆಸಿದ ತೋಳು ತೋರಿಸಲು ಆಗಾಗ ಬಂದು ಕೊಡಲಿ ಕೇಳುವುದುಂಟು. ಯಜಮಾನ ಸಂತೋಷದಿಂದ ಕೊಡುತ್ತಾನೆ. ತನಗಾಗಿ ತೆಗೆದಿರಿಸಿದ ಅತಿ ದೊಡ್ಡ ಗಂಟಿನ ತುಂಡನ್ನೂ ಜೊತೆಗೇ ಉರುಳಿಸುತ್ತಾನೆ.

ಸೀಳಿದ್ದನ್ನು ಒಟ್ಟುವುದು ಅಪ್ಪನ ಖಾತೆ. ಅಡಿಗೆ ಕಲ್ಲುಕಂಬ, ಗೆದ್ದಲು ಹತ್ತದ ಹಾಗೆ. ಅದರ ಮೇಲೆ ಒಂದು ಸಾಲು ಉದ್ದಕ್ಕೆ, ಮತ್ತೊಂದು ಸಾಲು ಅಡ್ಡಕ್ಕೆ. ನಡುವೆ ಗಾಳಿ ಹರಿದಾಡಬೇಕು. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ತೊಗಟೆ ಆಕಾಶ ನೋಡುವಂತಿರಬೇಕು, ಬಿದ್ದ ಹನಿ ಜಾರಿ ಹೋಗಲಿ ಎಂದು. ಕಾರ್ಮೋಡ ಕಂಡರೆ ಟಾರ್ಪಾಲು, ಬಿಸಿಲು ಬಂದರೆ ಟಾರ್ಪಾಲು ತೆಗೆ. ಮುಂಗಾರಿನಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಈ ಹೊದಿಸುವ, ಬಿಚ್ಚುವ ಸೇವೆ ನಡೆಯುತ್ತದೆ, ನಮ್ಮನ್ನೆಲ್ಲ ಹೊದಿಸಿ ಮಲಗಿಸಿ ಬೆಳೆಸಿದ ಅವ್ವ "ನಿಮಗೆ ಯಾವತ್ತಾದ್ರೂ ಇಷ್ಟು ಉಪಚಾರ ಮಾಡಿದ್ರಾ ನಿಮ್ಮಪ್ಪ?" ಎಂದು ಕೇಳುತ್ತಾಳೆ. ಒಟ್ಟಿದ ಒಂದು ತಿಂಗಳಿಗೆಲ್ಲ ಅಲ್ಲಿಗೆ ಒಕ್ಕಲು ಬರುತ್ತದೆ. ಓತಿಕ್ಯಾತ ಮೇಲ್ಮಹಡಿಯಲ್ಲಿ, ಹಾವುರಾಣಿ ನಡುಮನೆಯಲ್ಲಿ, ಚೇಳು ನೆಲಮಾಳಿಗೆಯಲ್ಲಿ. ಬಾಡಿಗೆ ಯಾರೂ ಕೊಡುವುದಿಲ್ಲ. ಕುಟ್ಟೆ ಹುಳ ಮಾತ್ರ ರಾತ್ರಿಯೆಲ್ಲ ಕೊರೆದು, ಬೆಳಿಗ್ಗೆ ಹಳದಿ ಹಿಟ್ಟಿನ ಸಣ್ಣ ಗುಡ್ಡೆಗಳನ್ನು ಲೆಕ್ಕ ಒಪ್ಪಿಸಿ ಹೋಗಿರುತ್ತದೆ.

ಇನ್ನು ಈ ವ್ಯಾಪಾರದ ತಮಾಷೆಗೆ ಬರುತ್ತೇನೆ. ಕಾದಷ್ಟೂ ಬೆಲೆ ಏರುವ ಸರಕುಗಳಿವೆ, ಹಳೆಯ ಅಕ್ಕಿಯಂಥವು. ಕಾದರೆ ಕೆಡುವ ಸರಕುಗಳಿವೆ, ಟೊಮ್ಯಾಟೊದಂಥವು. ಕಾದಷ್ಟೂ ಉತ್ತಮವಾಗುವುದು, ಉತ್ತಮವಾದಷ್ಟೂ ತಕ್ಕಡಿಯಲ್ಲಿ ಕಮ್ಮಿಯಾಗುವುದು ಎಂಬ ವಿಚಿತ್ರ ಸೌದೆಗೇ ಮೀಸಲು. ಆಗ ತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಒಂದು ಟನ್ ಹಸಿ ಸೌದೆ ಎಂದರೆ ಐನೂರು ಕಿಲೊ ಮರ, ಐನೂರು ಲೀಟರು ನೀರು. ಅದು ಬಿಸಿಲು ಗಾಳಿಯಲ್ಲಿ ಚೆನ್ನಾಗಿ ಒಣಗಿ ಐದರಲ್ಲೊಂದು ಪಾಲು ನೀರು ಉಳಿಯುವ ಹದಕ್ಕೆ ಬಂದಾಗ ಒಟ್ಟಿನ ತೂಕ ಆರುನೂರಿಪ್ಪತ್ತೈದು ಕಿಲೊ. ಮುನ್ನೂರೆಪ್ಪತ್ತೈದು ಕಿಲೊ ಎಲ್ಲಿ ಹೋಯಿತು? ಮೋಡವಾಗಿ ಹೋಯಿತು. ಸೌದೆ ಮಾರುವುದು ಟನ್ನಿನ ಲೆಕ್ಕದಲ್ಲಿ. ಹಸಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೆ ಒಣಗಿದ್ದಕ್ಕೆ ನೂರರವತ್ತು ಸಿಕ್ಕರೆ ಮಾತ್ರ ಅಸಲು. ಒಟ್ಟಿದ ಕೂಲಿ, ಟಾರ್ಪಾಲು, ವರ್ಷದ ಬಡ್ಡಿ ಬೇರೆ. ಪ್ರಾಮಾಣಿಕನಾಗಿ ಒಣಗಿಸಿದವನಿಗೆ ಹೆದ್ದಾರಿಯ ವೇಬ್ರಿಡ್ಜಿನಲ್ಲಿ ಸಿಗುವ ಚೀಟಿ ದಂಡದ ರಸೀದಿಯೇ ಸರಿ. ರಾತ್ರಿ ಕಡಿದು ಬೆಳಿಗ್ಗೆ ಲಾರಿಗೆ ತುಂಬಿದವನು ನೀರನ್ನೂ ಸೌದೆಯ ದರದಲ್ಲಿ ಮಾರಿ ಮೀಸೆ ತಿರುವುತ್ತಾನೆ.

ಕೊಂಡವನಿಗೆ ಆಗುವ ನಷ್ಟ ಒಲೆಯಲ್ಲಿ ಗೊತ್ತಾಗುತ್ತದೆ. ಒಂದು ಲೀಟರು ನೀರನ್ನು ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಕುದಿವ ಆ ನೀರನ್ನು ಪೂರ್ತಿ ಆವಿ ಮಾಡಲು ಅದರ ಏಳು ಪಟ್ಟು ಬೇಕು. ಹಸಿ ಸೌದೆ ಮೊದಲು ತನ್ನ ಹೊಟ್ಟೆಯ ನೀರು ಕಾಯಿಸಿಕೊಳ್ಳುತ್ತದೆ, ಆಮೇಲೆ ನಿಮ್ಮ ಹಂಡೆಯ ನೀರು. ಅದರ ತುದಿಯಲ್ಲಿ ಸುಯ್ಯೆಂದು ನೊರೆ ಬರುವುದು ಈ ಸ್ವಾರ್ಥಕ್ಕೇ. ಒಣಗಿದ ಸೌದೆಯ ಒಂದು ಕಿಲೊ ಮೂರುಸಾವಿರದ ಐನೂರು ಕಿಲೊಕ್ಯಾಲರಿಯ ಆಸುಪಾಸು ಶಾಖ ಕೊಟ್ಟರೆ ಹಸಿಯದು ಅದರ ಅರ್ಧ ದಾಟಿದರೆ ಹೆಚ್ಚು. ಅಂದರೆ ಟನ್ನು ಹೋಗಿ ಆರುನೂರಿಪ್ಪತ್ತೈದು ಕಿಲೊ ಆದರೂ ಆ ರಾಶಿಯಲ್ಲಿರುವ ಶಾಖ ಕಮ್ಮಿಯಾಗಿಲ್ಲ, ಒಂದು ಗುಲಗಂಜಿ ಹೆಚ್ಚೇ ಆಗಿದೆ. ಇದನ್ನೆಲ್ಲ ಗಿರಾಕಿಗೆ ವಿವರಿಸಲು ನಾನು ಕಾಗದ ಪೆನ್ಸಿಲು ತೆಗೆಯುವ ಹೊತ್ತಿಗೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ನೀರು ಬೇಕಾ? ಅಗೋ ಬೋರ್‌ವೆಲ್ ಐತೆ, ಪುಕ್ಕಟೆ ಕುಡ್ಕೊಂಡು ಹೋಗಿ. ದುಡ್ಡು ಕೊಡೋದು ಸೌದೆಗೆ." ಹತ್ತಿರದವರಿಗೆ ತೂಕದ ರಗಳೆಯೇ ಇಲ್ಲ, ಮಾರುದ್ದ, ಎದೆಯೆತ್ತರ ಒಟ್ಟಿಗೆ ಇಷ್ಟು ಎಂದು ದರ. ಯಾರ ಮಾರು, ಯಾರ ಎದೆ ಎಂಬ ಪ್ರಶ್ನೆ ಬಂದಾಗ ಅಳೆಯಲು ನಮ್ಮ ಗಿಡ್ಡ ಚಿಕ್ಕಪ್ಪನನ್ನು ಕರೆಸಬೇಕೆಂದು ನಾವೂ, ಲಾರಿಯ ಉದ್ದನೆಯ ಡ್ರೈವರನೇ ಆಗಲಿ ಎಂದು ಗಿರಾಕಿಯೂ ಹಟ ಹಿಡಿಯುವುದು ವ್ಯವಹಾರದ ಸುಖಗಳಲ್ಲೊಂದು.

ಲೆಕ್ಕ ಕೇಳದೆಯೇ ಸೌದೆ ಬಲ್ಲವರೆಂದರೆ ಅಡುಗೆ ಭಟ್ಟರು. ನಮ್ಮ ಖಾಯಂ ಗಿರಾಕಿಯಾದ ಹಿರಿಯ ಭಟ್ಟರೊಬ್ಬರು ಬಂದರೆ ಒಟ್ಟಿನ ಹೊರಮೈಯ ಸೌದೆಯನ್ನು ಮುಟ್ಟುವುದೂ ಇಲ್ಲ. ಪಂಚೆ ಎತ್ತಿಕಟ್ಟಿ, ಚೇಳಿನ ಭಯವಿಲ್ಲದೆ ಒಳಗೆ ಕೈ ತೂರಿಸಿ, ನಡುವಿನಿಂದ ಎರಡು ಸೀಳು ಎಳೆಯುತ್ತಾರೆ. ಒಂದಕ್ಕೊಂದು ತಟ್ಟುತ್ತಾರೆ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಿದ್ದರೆ ದಬ್ ಎನ್ನುತ್ತದೆ. ಆಮೇಲೆ ಮೂಸುತ್ತಾರೆ. ಕೊನೆಗೆ ಸೀಳಿದ ಮೈಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ. ನೀರಿನ್ನೂ ಆರುತ್ತಿರುವ ಮರ ಕೆನ್ನೆಗೆ ತಣ್ಣಗೆ ಹತ್ತುತ್ತದೆ. ಅಂಗೈ ಕಾಯಿಕಟ್ಟಿದವರಿಗೆ ಅದು ಕೈಯಲ್ಲಿ ತಿಳಿಯುವುದಿಲ್ಲ.

"ಮಳೆಗೆ ಸಿಕ್ಕಿದ ಮಾಲು ಅಲ್ವೇ ಗೌಡರೇ?"

"ಒಂದು ಹದ ಸಿಕ್ಕಿತ್ತು ಸ್ವಾಮಿ. ಆಮೇಲೆ ಬೇಕಾದಷ್ಟು ಬಿಸಿಲು ಕಂಡೈತೆ."

"ಮೈ ಒಣಗಿದೆ, ಮನಸ್ಸು ಒಣಗಿಲ್ಲ. ಇದನ್ನ ಅನ್ನಕ್ಕೆ ಹಾಕ್ತೀನಿ. ಹೋಳಿಗೆಗೆ ಹೋದ ವರ್ಷದ್ದು ಕೊಡಿ."

ಒಂದೊಂದು ಅಡುಗೆಗೆ ಒಂದೊಂದು ಬೆಂಕಿ ಎಂಬುದನ್ನು ನಾನು ಕಲಿತದ್ದು ಇವರಿಂದ. ಎಸರು ಮರಳುವ ತನಕ ಅನ್ನಕ್ಕೆ ಭರ್ರೆನ್ನುವ ಉರಿ. ಆಗ ಸಣ್ಣ ಸೀಳು ಹೆಚ್ಚು ಬೇಕು. ಸಾರಿಗೆ ದಪ್ಪ ತುಂಡು, ನಿಧಾನದ ಕುದಿ. ಹೋಳಿಗೆಯ ಹೆಂಚಿನ ಕೆಳಗೆ ಉರಿ ಏರಲೂ ಬಾರದು, ಇಳಿಯಲೂ ಬಾರದು. ಅಲ್ಲಿ ಹೊಗೆಯ ಒಂದು ಎಳೆ ಎದ್ದರೂ ತುಪ್ಪಕ್ಕೆ ವಾಸನೆ ಹತ್ತುತ್ತದೆ. ಬೀಗರೂಟದ ಬಾಣಸಿಗರದು ಬೇರೆಯೇ ಹಾದಿ. ಬಾಡಿನ ಹಂಡೆಗೆ ಅಲುಗಾಡದ ಉರಿ, ಮುದ್ದೆಯ ಕೊಪ್ಪರಿಗೆಗೆ ಹಿಟ್ಟು ಹಾಕಿದ ಮೇಲೆ ಬರೀ ಕೆಂಡ. ಹೊಸಕೋಟೆ ಕಡೆ ಭಾನುವಾರದ ನಸುಕಿಗೇ ಬಿರಿಯಾನಿಗೆ ಸಾಲು ನಿಲ್ಲುತ್ತಾರಲ್ಲ, ಆ ಬಿರಿಯಾನಿಯವರಿಗೆ ಕೆಂಡವೇ ಮುಖ್ಯ. ದಮ್ ಕಟ್ಟಿದ ಪಾತ್ರೆಯ ಮುಚ್ಚಳದ ಮೇಲೂ ಅದನ್ನೇ ಹರಡುತ್ತಾರೆ. ಹೊತ್ತಿಸಲು ಎಲ್ಲರಿಗೂ ನಮ್ಮ ತೋಟದ ಒಣ ಮಟ್ಟೆ, ಕರಟ ಕೊಸರಾಗಿ ಹೋಗುತ್ತದೆ. ಇಷ್ಟೆಲ್ಲ ಆಗಿ ಊಟ ಚೆನ್ನಾಗಿದ್ದರೆ ಹೊಗಳಿಕೆ ಭಟ್ಟರಿಗೆ, ಅವರು ಬಿಟ್ಟದ್ದು ಮಸಾಲೆಯವರಿಗೆ. ಅನ್ನ ಸೀದರೆ ಮಾತ್ರ ಫೋನು ನಮಗೆ ಬರುತ್ತದೆ.

ಸಾವಿನ ಮನೆಯವರು ಬಂದಾಗ ಯಾರೂ ತಟ್ಟಿ ನೋಡುವುದಿಲ್ಲ, ಚೌಕಾಸಿ ಮಾಡುವುದಿಲ್ಲ. ನಮ್ಮ ಕಡೆ ಹೂಳುವವರೇ ಹೆಚ್ಚಾದರೂ ಸುಡುವ ಮನೆಗಳೂ ಇವೆ; ಒಂದು ಚಿತೆಗೆ ನಾಲ್ಕೈದು ಕ್ವಿಂಟಲ್ ಬೇಕು. ಅಪ್ಪ ಅವತ್ತು ಹಳೆಯ ಒಟ್ಟನ್ನೇ ಬಿಚ್ಚಿಸುತ್ತಾರೆ. ಊರವರಿಂದ ದುಡ್ಡು ಎಣಿಸಿಕೊಳ್ಳುವುದಿಲ್ಲ, "ಹೋಗಿ ಬನ್ನಿ" ಅನ್ನುವುದೂ ಇಲ್ಲ.

ಒಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ. ಸೌದೆಯನ್ನು ದುಡ್ಡು ಕೊಟ್ಟು ಕೊಳ್ಳುವವರು ಬಡವರಲ್ಲ. ನಮ್ಮ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಎಂಬ ಹೆಸರಿನಲ್ಲಿ ಕೆಲಸ ನಡೆಸಿದರು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಶುರುವಾದ ಗುಂಪು ಅದು. ಸುತ್ತಲ ಹಳ್ಳಿಗಳ ಒಲೆಗೆ ಏನು ಹೋಗುತ್ತದೆ ಎಂದು ತೂಗಿ ಅಳೆದು ನೋಡಿದಾಗ ತಿಳಿದದ್ದೇನು? ಉರಿಯುತ್ತಿದ್ದದ್ದು ಬಹುಪಾಲು ಕೊಂಡ ಸೌದೆಯಲ್ಲ, ಹೆಂಗಸರು ಮಕ್ಕಳು ಅಲೆದು ಆಯ್ದು ತಂದ ಪುಳ್ಳೆ ಕಡ್ಡಿ. ನಮ್ಮಜ್ಜಿಯ ತಲೆಯ ಮೇಲೆ ಹೊರೆ ಹೊತ್ತ ಜಾಗದಲ್ಲಿ ಕೂದಲು ತೆಳ್ಳಗಾಗಿತ್ತು. ಹೊಗೆ ಕಮ್ಮಿ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಬಂದದ್ದು ಇಂಥ ಲೆಕ್ಕಾಚಾರದಿಂದಲೇ. ನಮ್ಮ ಮನೆಗೂ ಅದು ಬಂತು. ಸೌದೆ ಉಳಿಸುವ ಒಲೆಯನ್ನು ಸೌದೆ ಮಾರುವವರ ಮನೆಗೇ ತಂದು ಕೂರಿಸಿದ್ದಾರಲ್ಲ ಎಂದು ಅಪ್ಪ ಮುಖ ಊದಿಸಿಕೊಂಡರೆ, ಜೀವಮಾನದಲ್ಲಿ ಮೊದಲ ಸಲ ಕಣ್ಣೊರೆಸಿಕೊಳ್ಳದೆ ಮುದ್ದೆ ತಿರುವಿದ ಅಜ್ಜಿ "ಆ ಒಲೆ ಮಾಡಿದೋರು ಯಾರಪ್ಪ, ಅವರ ಹೊಟ್ಟೆ ತಣ್ಣಗಿರಲಿ" ಅಂದಿದ್ದಳು. ಈಗ ಅದೂ ಇಲ್ಲ, ಗ್ಯಾಸು. 2016ರ ಉಜ್ವಲ ಯೋಜನೆಯ ಮೇಲೆ ಊರಿನ ಬಹಳ ಮನೆಗಳಲ್ಲಿ ಸಿಲಿಂಡರು ಕೂತಿದೆ. ಸೌದೆಯದೇ ವ್ಯಾಪಾರವಿರುವ ಮನೆಯಲ್ಲಿ ಕಾಫಿ ಆಗುವುದು ನೀಲಿ ಉರಿಯಲ್ಲಿ. ನೀರೊಲೆಗೆ ಮಾತ್ರ ಮಾರಲಾಗದ ಗಂಟು, ಬೊಡ್ಡೆ. ಹಾಗೆಂದು ಗ್ಯಾಸಿನಿಂದ ನಮ್ಮ ವ್ಯಾಪಾರ ಮುಳುಗಿಲ್ಲ, ಮನೆಯ ಒಲೆ ಎಂದೂ ನಮ್ಮ ಗಿರಾಕಿಯಾಗಿರಲಿಲ್ಲವಲ್ಲ. ಸಾವಿರ ಎಲೆಯ ಊಟಕ್ಕೆ ಭಟ್ಟರು ಇವತ್ತಿಗೂ ಸಿಲಿಂಡರು ಎಣಿಸುವ ಮುಂಚೆ ನಮಗೆ ಫೋನು ಮಾಡುತ್ತಾರೆ.

ಬೆಂಗಳೂರಿನಿಂದ ಬರುವ ಭಾವಮೈದುನ ಮಾತ್ರ ಬಂದಾಗಲೆಲ್ಲ "ಇಷ್ಟೊಂದು ಮರ ಕಡೀತೀರಲ್ಲ ಭಾವ" ಎಂದು ನೊಂದುಕೊಳ್ಳುತ್ತಾನೆ. ಕಡಿದ ಕಡೆಗೇ ಮುಂಗಾರಿಗೆ ಸಸಿ ನೆಡುತ್ತೇವೆ, ಇದು ಕಾಡಲ್ಲ, ರಾಗಿಗಿಂತ ಉದ್ದ ಬೆಳೆಯುವ ಬೆಳೆ ಎಂದರೆ ಒಪ್ಪುವುದಿಲ್ಲ. ನಾನು ವಾದ ಬೆಳೆಸುವುದಿಲ್ಲ. ಹಂಡೆಯಲ್ಲಿ ಬಿಸಿನೀರು ಮರಳುತ್ತಿದೆ, ಎಣ್ಣೆ ಹಚ್ಚಿಕೊಂಡು ಬಾ ಎನ್ನುತ್ತೇನೆ. ಸ್ನಾನ ಮುಗಿಸಿ ಬಂದವನು ಮೈಯೆಲ್ಲ ಕೆಂಪಗಾಗಿ, ಗೀಸರಿನ ನೀರು ನೀರೇ ಅಲ್ಲ ಎನ್ನುತ್ತ ನಿದ್ದೆ ಹೋಗುತ್ತಾನೆ. ಪರಿಸರದ ಚರ್ಚೆ ಮುಂದಿನ ಹಬ್ಬಕ್ಕೆ ಮುಂದೂಡಲ್ಪಡುತ್ತದೆ.

ಒಣಗಿಸಿ ಮಾರುತ್ತೇವೆ ಎಂದು ಹಟ ತೊಟ್ಟ ಮೇಲೆ ನಾವು ಬದುಕುತ್ತಿರುವುದೇ ಒಂದು ವರ್ಷ ಮುಂದಕ್ಕೆ. ಯುಗಾದಿಗೆ ಹೊಸ ಪಂಚಾಂಗ ಬಂದಾಗ ಊರಿನವರು ಮಳೆ ಎಷ್ಟು ಕೊಳಗ, ತಮ್ಮ ರಾಶಿಗೆ ಆದಾಯವೆಷ್ಟು ವ್ಯಯವೆಷ್ಟು ಎಂದು ಕೇಳಿ ಎದ್ದು ಹೋಗುತ್ತಾರೆ. ಅಪ್ಪ ಏಳುವುದಿಲ್ಲ. ಲಗ್ನದ ಮುಹೂರ್ತಗಳ ಪುಟ ತೆಗೆಸಿ ವೈಶಾಖಕ್ಕೆ ಎಷ್ಟು, ಜ್ಯೇಷ್ಠಕ್ಕೆ ಎಷ್ಟು ಎಂದು ಬೆರಳು ಮಡಿಚುತ್ತಾರೆ. ಆಷಾಢದಲ್ಲಿ ಮದುವೆಯಿಲ್ಲ, ಅದು ಮಳೆಗಾಲವೂ ಹೌದಾದ್ದರಿಂದ ಸೌದೆಗೂ ನಮಗೂ ವಿಶ್ರಾಂತಿ. ಆದರೆ 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ವಕ್ಕರಿಸಿ ಎರಡು ತಿಂಗಳು ಎಲ್ಲೂ ಓಲಗದ ಸದ್ದಿಲ್ಲದೆ ಹೋದಾಗ, ಓತಿಕ್ಯಾತಗಳ ಬಿಡಾರ ಖಾಯಂ ಆಗುವ ಲಕ್ಷಣ ಕಂಡಿತ್ತು. ಈ ಸಂಕ್ರಾಂತಿಗೆ ಕಡಿದದ್ದು ಉರಿಯುವುದು ಬರುವ ವರ್ಷದ ಚಪ್ಪರಗಳ ಹಿಂದೆ. ಹುಡುಗಿಗೆ ಇನ್ನೂ ಗಂಡು ಗೊತ್ತಾಗಿಲ್ಲ, ಹುಡುಗನಿಗೆ ಇನ್ನೂ ಕೆಲಸ ಖಾಯಂ ಆಗಿಲ್ಲ, ಅವರ ಮದುವೆಯ ಸೌದೆ ಆಗಲೇ ನಮ್ಮ ಗರಸು ನೆಲದಲ್ಲಿ ತೂಕ ಕಳೆದುಕೊಳ್ಳುತ್ತಿದೆ. ಹೀಗಾಗಿ ಸೀಮೆಯ ಕನ್ಯೆ ವರಗಳ ವಿಚಾರದಲ್ಲಿ ಅಪ್ಪನಿಗಿರುವಷ್ಟು ಕಾಳಜಿ ಅವರ ಸೋದರಮಾವಂದಿರಿಗೂ ಇರಲಾರದು. ಯಾರದೋ ಜಾತಕ ಕೂಡಿಬರಲಿಲ್ಲ ಎಂದರೆ ಇವರು ಊಟ ಬಿಡುತ್ತಾರೆ. ಆದ್ದರಿಂದ ಓದುಗರಲ್ಲಿ ಯಾರಾದರೂ ಬರುವ ವೈಶಾಖಕ್ಕೆ ಮಗನದೋ ಮಗಳದೋ ಮದುವೆ ಇಟ್ಟುಕೊಳ್ಳುವವರಿದ್ದರೆ ಛತ್ರಕ್ಕಿಂತ ಮುಂಚೆ ಸೌದೆಗೆ ಹೇಳಿಡಿ. ಛತ್ರವನ್ನು ವಶೀಲಿ ಹಚ್ಚಿಯಾದರೂ ಹಿಡಿಯಬಹುದು. ವರ್ಷದ ಬಿಸಿಲನ್ನು ಯಾವ ಮಂತ್ರಿಯೂ ಒಂದು ವಾರದಲ್ಲಿ ಕೊಡಿಸಲಾರ. ಬಂದಾಗ ತಟ್ಟಿ ನೋಡಿ, ಮೂಸಿ ನೋಡಿ, ಕೆನ್ನೆಗೆ ಒತ್ತಿಕೊಂಡೂ ನೋಡಿ. ವೇಬ್ರಿಡ್ಜಿನ ಮಾತು ಮಾತ್ರ ಎತ್ತಬೇಡಿ.